ನಲವತ್ತೈದು ಕಿಲೋ ಯಾರದು?

ಫೆಬ್ರವರಿ 4

ಅಪ್ಪನಿಗೆ,

ನಾವಿಬ್ಬರೂ ಫೋನಿನಲ್ಲಿ ಮಾತಾಡಿದರೆ ಮೂರನೇ ಮಾತಿಗೆ ಜಗಳ ಶುರುವಾಗುತ್ತದೆ, ನಾಲ್ಕನೆಯದಕ್ಕೆ ಅಮ್ಮ ಫೋನ್ ಕಿತ್ತುಕೊಳ್ಳುತ್ತಾಳೆ. ಅದಕ್ಕೇ ಈ ಕಾಗದ. ಇದರಲ್ಲಾದರೂ ನನ್ನ ಮಾತು ಮುಗಿಯುವವರೆಗೆ ನೀವು ಬಾಯಿ ಹಾಕುವಂತಿಲ್ಲ.

ಕೋಣೆ ಸಿಕ್ಕಿದೆ. ಮೂರನೇ ಮಹಡಿ, ಲಿಫ್ಟ್ ಇಲ್ಲ, ಕಿಟಕಿ ತೆರೆದರೆ ಎದುರಿನ ಲಾಂಡ್ರಿಯ ಹಬೆ ಒಳಗೇ ಬರುತ್ತದೆ. ಗಾಜಿನ ಕಾರ್ಖಾನೆಗೆ ನಡೆದೇ ಹೋಗುತ್ತೇನೆ. ಸದ್ಯಕ್ಕೆ ನನ್ನನ್ನು ಕತ್ತರಿಸುವ ಮೇಜಿಗೆ ಹಾಕಿದ್ದಾರೆ. ಅಳತೆ ಹಿಡಿ, ಗೀರು ಎಳೆ, ಮುರಿ, ಅಂಚು ಉಜ್ಜು. ಕೈ ಚುರುಕಾಗಿದೆ ಅಂತ ಮೇಸ್ತ್ರಿ ತಾವಾಗಿಯೇ ಹೇಳಿದರು. ಆದರೆ ನನ್ನ ಕಣ್ಣಿರುವುದು ಹೊರಗಿನ ತಂಡದ ಮೇಲೆ, ದೊಡ್ಡ ಗಾಜು ಹೊತ್ತುಕೊಂಡು ಹೋಗಿ ಕಟ್ಟಡಗಳಿಗೆ ಕೂರಿಸುವವರ ಮೇಲೆ. ಮೇಜಿನ ಮೇಲೆ ಗಾಜು ಬರೀ ಸರಕು, ಗೋಡೆಯಲ್ಲಿ ಕೂತಾಗಲೇ ಅದು ಕಿಟಕಿಯಾಗುವುದು. ಅದನ್ನು ನಾನೇ ಕೂರಿಸಬೇಕು.

ಹೋಗಿ ಕೇಳಿಯೂ ಬಿಟ್ಟೆ. ಮೇಸ್ತ್ರಿ ಅಡಿಯಿಂದ ಮುಡಿಯವರೆಗೆ ನೋಡಿ, "ಗಾಳಿ ಬಂದ್ರೆ ಗಾಜು ನಿಲ್ಲುತ್ತಮ್ಮಾ, ನೀನೇ ಹಾರಿಹೋಗ್ತೀಯ. ಅಕ್ಟೋಬರ್‌ನಲ್ಲಿ ಇಬ್ಬಿಬ್ಬರು ಸೇರಿ ಗಾಜು ಹೊರೋ ಜೋಡಿ ಪರೀಕ್ಷೆ ಇದೆ. ಅಷ್ಟರಲ್ಲಿ ಮೈಯಲ್ಲಿ ಏನಾದ್ರೂ ತುಂಬ್ಕೊಂಡು ಬಾ" ಅಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ, ಆದರೆ ಒಳಗೆ ಉರಿಯಿತು.

ಹಾಗಾಗಿ ಈಗ ಪ್ರಶ್ನೆ. ನಿಮ್ಮ ಜಿಮ್ಮಿನಲ್ಲಿ ಒಂದು ವರ್ಷ ಆಯಿತು. ಹೋದಾಗಲೆಲ್ಲ ಸ್ವಲ್ಪ ತೂಕ ಏರಿಸುವ ಕಾಲ ಮುಗಿಯಿತು ಅಂತ ನೀವೇ ಹೇಳಿದ್ದೀರಿ. ಮುಂದೇನು? ಇಲ್ಲಿಯ ಜಿಮ್ಮಿನಲ್ಲಿ ಒಬ್ಬ ತರಬೇತುದಾರ ಇದ್ದಾನೆ, ಬಿಸಿಲಿರಲಿ ಬಿಡಲಿ ತಲೆಯಿಂದ ಟೋಪಿ ಇಳಿಯುವುದಿಲ್ಲ. ಅವನು ವಾರಕ್ಕೆ ಐದು ದಿನ, ದಿನಕ್ಕೊಂದು ಅಂಗ ಅನ್ನುತ್ತಾನೆ. ನನ್ನ ಪಕ್ಕದ ಮೇಜಿನವಳು ನಾಲ್ಕು ದಿನ ಮಾಡುತ್ತಾಳೆ, ಎರಡು ದಿನ ಸೊಂಟದ ಮೇಲೆ, ಎರಡು ದಿನ ಕೆಳಗೆ. ನಿಮ್ಮದು ಮೂರು ದಿನ, ಪ್ರತಿ ಸಲ ಇಡೀ ಮೈ. ನನಗೆ ಬೇಕಾದದ್ದು ಮಾಂಸಖಂಡ. ಯಾವುದು ಅಂತ ಒಂದೇ ಮಾತಿನಲ್ಲಿ ಹೇಳಿ, ಭಾಷಣ ಬೇಡ.

ಲೆಕ್ಕ ನಿಮಗೆ ಗೊತ್ತೇ ಇದೆ. ಮಲಗಿ ಎತ್ತುವ ಬೆಂಚ್ ಪ್ರೆಸ್ ನಲವತ್ತೈದು ಕಿಲೋ ಐದು ಸಲ, ಹೆಗಲ ಮೇಲೆ ಬಾರ್ ಹೊತ್ತು ಕೂತೇಳುವ ಸ್ಕ್ವಾಟ್ ಅರವತ್ತೈದು, ನೆಲದಿಂದ ಎತ್ತುವ ಡೆಡ್‌ಲಿಫ್ಟ್ ಎಂಬತ್ತು. ಬರೆಯುವಾಗಲೇ ಎದೆ ಉಬ್ಬುತ್ತದೆ.

ನಿಮ್ಮ
ಕಡ್ಡಿ

ಫೆಬ್ರವರಿ 13

ಕಡ್ಡಿಗೆ,

ಭಾಷಣ ಬೇಡವಂತೆ. ತಲೆ ನರೆಯುವಷ್ಟು ಕಾಲ ಜಿಮ್ ನಡೆಸಿದವನನ್ನು ಪ್ರಶ್ನೆ ಕೇಳಿ, ಭಾಷಣ ಬೇಡ ಅಂದರೆ ಯಾವ ನ್ಯಾಯ? ಕೂತುಕೊಂಡು ಓದು.

ಹೊಸಬರಿಗೆ ಏನು ಕೊಟ್ಟರೂ ಮೈ ಬೆಳೆಯುತ್ತದೆ. ವರ್ಷ ಕಳೆದ ಮೇಲೆ ಮೈಗೆ ಬುದ್ಧಿ ಬರುತ್ತದೆ, ಸುಮ್ಮನೆ ಏನನ್ನೂ ಕೊಡುವುದಿಲ್ಲ. ನೀನು ಈಗ ಅಲ್ಲಿದ್ದೀಯ. ಪ್ರತಿ ಅಂಗಕ್ಕೂ ವಾರದಲ್ಲಿ ಎರಡು ಸಲ ಕೆಲಸ ಬೀಳಬೇಕು. ಟೋಪಿಯವನ ಐದು ದಿನದ ಲೆಕ್ಕದಲ್ಲಿ ಒಂದು ದಿನ ತಪ್ಪಿದರೆ ಆ ಅಂಗ ಮುಂದಿನ ವಾರದವರೆಗೆ ಉಪವಾಸ. ದಿನವಿಡೀ ಗಾಜು ಕತ್ತರಿಸುವವಳು ಐದೂ ದಿನ ತಪ್ಪದೆ ಹೋಗುತ್ತೀಯಾ? ನನ್ನ ಮೂರು ದಿನದ್ದು ಕೆಟ್ಟದ್ದಲ್ಲ, ಆದರೆ ನೀನು ಎತ್ತುವ ತೂಕಕ್ಕೆ ಒಂದೇ ದಿನ ಇಡೀ ಮೈ ಮುಗಿಸುವಷ್ಟರಲ್ಲಿ ಕಣ್ಣು ಮೇಲಾಗುತ್ತದೆ. ನಾಲ್ಕು ದಿನದ್ದು ಹಿಡಿ. ನನ್ನ ಪದ್ಧತಿ ಬಿಟ್ಟು ಇನ್ನೊಂದನ್ನು ನಾನೇ ಹೇಳುತ್ತಿದ್ದೇನೆ, ಇದನ್ನು ಚೌಕಟ್ಟು ಹಾಕಿಸಿ ಇಟ್ಟುಕೋ.

ಒಂದೊಂದು ಸೆಟ್ಟಿನಲ್ಲಿ ಆರರಿಂದ ಹತ್ತು ಸಲ. ಎಲ್ಲ ಸೆಟ್ಟಿನಲ್ಲೂ ಹತ್ತು ಮುಟ್ಟಿದ ಮೇಲೆ ಮಾತ್ರ ಚಿಕ್ಕ ಪ್ಲೇಟ್ ಏರಿಸು. ಪ್ರತಿ ಸೆಟ್ ಮುಗಿದಾಗ ಇನ್ನೊಂದೆರಡು ಸಲ ಎತ್ತುವ ಶಕ್ತಿ ಕೈಯಲ್ಲಿ ಉಳಿದಿರಲಿ. ಹಿಡಿದದ್ದನ್ನು ಮೂರು ತಿಂಗಳು ಬಿಡಬೇಡ. ಮೂರು ತಿಂಗಳು ಹಿಡಿದದ್ದೇ ಒಳ್ಳೆಯ ಪದ್ಧತಿ, ಅದಕ್ಕಿಂತ ದೊಡ್ಡ ಗುಟ್ಟು ನನಗಂತೂ ಗೊತ್ತಿಲ್ಲ.

ಇನ್ನೊಂದು ಮಾತು. ಬೆಂಚಿನಲ್ಲೂ ಸ್ಕ್ವಾಟಿನಲ್ಲೂ ಇಲ್ಲಿ ಎತ್ತುತ್ತಿದ್ದದ್ದಕ್ಕಿಂತ ಹತ್ತು ಕಿಲೋ ಕಡಿಮೆಯಿಂದ ಶುರು ಮಾಡು. ಡೆಡ್‌ಲಿಫ್ಟ್ ಇದ್ದಷ್ಟೇ ಇರಲಿ. ಯಾಕೆ ಏನು ಅಂತ ಕೇಳಬೇಡ. ಹೊಸ ಜಾಗ, ಹೊಸ ಬಾರ್.

ಅಮ್ಮ ಮೊಟ್ಟೆ ತಿನ್ನಲು ಹೇಳುತ್ತಿದ್ದಾಳೆ. ನಾನೂ ಅದನ್ನೇ ಹೇಳುತ್ತೇನೆ.

ಅಪ್ಪ

ಮಾರ್ಚ್ 21

ಅಪ್ಪನಿಗೆ,

ಬೈಯುವುದಾದರೆ ಕೊನೆಯವರೆಗೆ ಓದಿ ಬೈಯಿರಿ.

ಹತ್ತು ಕಿಲೋ ಇಳಿಸಲಿಲ್ಲ. ಇಲ್ಲಿ ಬಾರ್ ಹಿಡಿದ ಮೊದಲ ದಿನವೇ ಟೋಪಿಯವನು "ನಿಮ್ಮ ತಂದೆ ಜಿಮ್ ಮಾಸ್ಟರ್ ಅಂದ್ರಲ್ವಾ? ನೀವು ಎಷ್ಟು ಎತ್ತುತ್ತೀರಾ?" ಅಂತ ಕೇಳಿದ. ನಲವತ್ತೈದು ಅಂದುಬಿಟ್ಟೆ. ಅಂದ ಮೇಲೆ ಮೂವತ್ತೈದು ಹಾಕಿಕೊಂಡು ಮಲಗಲು ನನಗೇನು ತಲೆ ಕೆಟ್ಟಿದೆಯಾ? ನಲವತ್ತೈದೇ ಹಾಕಿದೆ. ಮೊದಲ ಸಲ ಹೇಗೋ ಹೋಯಿತು. ಎರಡನೆಯದಕ್ಕೆ ಬಾರ್ ಎದೆಯ ಮೇಲೆ ಕೂತುಬಿಟ್ಟಿತು. ಏಳಲಿಲ್ಲ. ಟೋಪಿಯವನು ಓಡಿಬಂದು ಎತ್ತಿದ. ಇಡೀ ಜಿಮ್ ತಿರುಗಿ ನೋಡಿತು.

ಪದ್ಧತಿಯದೇ ತಪ್ಪು ಅನ್ನಿಸಿತು. ನಾಲ್ಕು ದಿನದ್ದನ್ನು ಬಿಟ್ಟು ಅವನ ಐದು ದಿನದ್ದು ಹಿಡಿದೆ. ಎರಡು ವಾರಕ್ಕೆ ಭುಜ ಹಿಡಿದುಕೊಂಡಿತು. ಆಮೇಲೆ ಜಿಮ್ಮಿನ ಗೋಡೆಗೆ ಅಂಟಿಸಿದ್ದ ಇನ್ನೊಂದನ್ನು ಹಿಡಿದೆ, ಅದರಲ್ಲಿ ದಿನಾ ಏನಾದರೊಂದು ಹೊಸದು. ಬೆವರು ಧಾರಾಳವಾಗಿ ಹರಿಯಿತು, ಬಾರ್ ಮಾತ್ರ ಇದ್ದಲ್ಲೇ ಇದೆ. ಬೆಂಚಿನಲ್ಲಿ ಮೂವತ್ತೇಳೂವರೆ ಕಿಲೋ ಐದು ಸಲ ಎತ್ತುವಷ್ಟರಲ್ಲಿ ಸಾಕುಬೇಕಾಗುತ್ತದೆ. ಸ್ಕ್ವಾಟ್ ಐವತ್ತೈದಕ್ಕೆ ನಿಲ್ಲುತ್ತದೆ. ವಿಚಿತ್ರ ಅಂದರೆ ಡೆಡ್‌ಲಿಫ್ಟ್ ಎಂಬತ್ತು ಈಗಲೂ ಸಲೀಸಾಗಿ ಏಳುತ್ತದೆ.

ಮನೆ ಬಿಟ್ಟು ಬಂದ ಮೇಲೆ ಇಷ್ಟು ಬೇಗ ಮೈ ಇಳಿದುಹೋಗುತ್ತದಾ ಅಪ್ಪಾ? ಅದೂ ಅರ್ಧ ಮೈ ಮಾತ್ರ? ಹೀಗಾದರೆ ಅಕ್ಟೋಬರ್ ಪರೀಕ್ಷೆಯ ಗತಿ ಏನು? ಮೇಸ್ತ್ರಿ ಹೇಳಿದ್ದೇ ನಿಜವೇನೋ ಅಂತ ಒಂದೊಂದು ಸಲ ಭಯವಾಗುತ್ತದೆ.

ಕಡ್ಡಿ

ಮಾರ್ಚ್ 30

ಕಡ್ಡಿಗೆ,

ಬೈಯುತ್ತೇನೆ. ಒಂದೂವರೆ ತಿಂಗಳಲ್ಲಿ ಮೂರು ಪದ್ಧತಿ! ಅನ್ನ ಬೇಯಲಿಲ್ಲ ಅಂತ ನಿಮಿಷಕ್ಕೊಮ್ಮೆ ಪಾತ್ರೆ ಬದಲಿಸಿದರೆ ಊಟ ಯಾವಾಗ? ವಾಪಸ್ ನಾಲ್ಕು ದಿನದ್ದಕ್ಕೆ ಹೋಗು. ಭುಜ ಸರಿಹೋಗುವವರೆಗೆ ತಲೆಯ ಮೇಲೆ ಎತ್ತುವುದು ಬೇಡ. ನೀನು ಸರಿಯಾಗಿ ತಿನ್ನುತ್ತಿಲ್ಲ, ಅದು ನನಗೆ ಇಲ್ಲಿಂದಲೇ ಕಾಣಿಸುತ್ತದೆ. ಬೆಳಗ್ಗೆ ಮೊಟ್ಟೆ, ಮಧ್ಯಾಹ್ನ ಬೇಳೆಯೋ ಕೋಳಿಯೋ, ರಾತ್ರಿ ಮೊಸರು. ನಿದ್ದೆ ಚೆನ್ನಾಗಿ ಮಾಡು. ಮೈ ಬೆಳೆಯುವುದು ಜಿಮ್ಮಿನಲ್ಲಲ್ಲ, ಹಾಸಿಗೆಯಲ್ಲಿ.

ಮೂವತ್ತೇಳೂವರೆ ಒಳ್ಳೆಯ ತೂಕ. ಮೂವತ್ತೈದರಿಂದ ಶುರು ಮಾಡು ಅಂತ ಅವತ್ತೇ ಹೇಳಿದ್ದೆ.

ಡೆಡ್‌ಲಿಫ್ಟ್ ವಿಷಯ ಬರೆದಿದ್ದೀಯ. ಅದು ಬೇರೆ ತರಹದ್ದು. ಜಿಮ್ ತೆರೆಯುವ ಹೊತ್ತಾಯಿತು, ಇಲ್ಲಿಗೇ ಮುಗಿಸುತ್ತೇನೆ.

ಅಪ್ಪ

ಮೇ 3

ಅಪ್ಪನಿಗೆ,

ಮೊನ್ನೆ ಒಂದು ಗಾಜು ಒಡೆಯಿತು. ನನಗೇನೂ ಆಗಿಲ್ಲ, ಅಮ್ಮನಿಗೆ ಮೊದಲು ಅದನ್ನು ಹೇಳಿ.

ಪರೀಕ್ಷೆಗೆ ನನ್ನ ಜೋಡಿಯಾಗಲು ಹೊರಗಿನ ತಂಡದ ಒಬ್ಬರು ಒಪ್ಪಿದ್ದಾರೆ. ಎಲ್ಲರೂ ದಪ್ಪಣ್ಣ ಅನ್ನುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ಬಾಗಿಲಗಲದ ಮನುಷ್ಯ, ಬೆಣ್ಣೆಯಂಥ ಮನಸ್ಸು. ಕೆಲಸ ಮುಗಿದ ಮೇಲೆ ರದ್ದಿಗೆ ಹಾಕಿದ ಗಾಜು ಹಿಡಿದು ಅಭ್ಯಾಸ ಮಾಡುತ್ತೇವೆ. ಇಬ್ಬರೂ ಗಾಜಿಗೆ ಕಚ್ಚಿಕೊಳ್ಳುವ ರಬ್ಬರ್ ಹಿಡಿಕೆ ಒತ್ತಿ, "ಹಿಡಿದೆ" ಅಂತ ಒಬ್ಬೊಬ್ಬರೇ ಹೇಳಿ, ಆಮೇಲೆ ಒಟ್ಟಿಗೆ ಎತ್ತಬೇಕು. ಮೊನ್ನೆ ಗಾಜು ಎತ್ತಿದಾಗ ನನಗೆ ಹೂವಿನಷ್ಟು ಹಗುರ ಅನ್ನಿಸಿತು. ಖುಷಿಯಲ್ಲಿ ಬೇಗ ಹೆಜ್ಜೆ ಹಾಕಿದೆ. ತಿರುವಿನಲ್ಲಿ ದಪ್ಪಣ್ಣನ ಕೈ ಸ್ವಲ್ಪ ಸಡಿಲವಾಯಿತು ನೋಡಿ, ಅಷ್ಟೂ ಭಾರ ದಿಢೀರನೆ ನನ್ನ ಕಡೆ ಬಂತು. ಮೂಲೆ ನೆಲಕ್ಕೆ ಬಡಿದು ಇಡೀ ಗಾಜು ಚೂರಾಯಿತು.

ಮೇಸ್ತ್ರಿ ಓಡಿಬಂದರು. ಬೈಗುಳ ನನಗೇ ಅಂದುಕೊಂಡು ತಲೆ ತಗ್ಗಿಸಿ ನಿಂತೆ. ಬೈದದ್ದು ದಪ್ಪಣ್ಣನನ್ನು. "ಅವಳ ಪಾಲಿನ ಭಾರನೂ ನೀನೇ ಕದ್ದು ಎತ್ತಿದ್ಯಲ್ಲ? ಪಾಪ ಅಂತನಾ? ತನ್ನ ಕೈಯಲ್ಲಿ ಎಷ್ಟು ಭಾರ ಇದೆ ಅಂತ ಗೊತ್ತಿಲ್ಲದೋಳು ಹೆಜ್ಜೆ ಹೇಗಪ್ಪಾ ಇಡ್ತಾಳೆ?" ದಪ್ಪಣ್ಣ ಮುಖ ಸಣ್ಣಗೆ ಮಾಡಿಕೊಂಡು, "ಹುಡುಗಿ ಕಷ್ಟಪಡೋದು ನೋಡಕ್ಕಾಗ್ಲಿಲ್ಲ" ಅಂದರು.

ಊಟಕ್ಕೆ ಕೂತಾಗ ನಿಮ್ಮ ಜಿಮ್ ನೆನಪಾಯಿತು. ಬೆಂಚಿನಲ್ಲಿ ನೀವು ನನ್ನ ತಲೆಯ ಹತ್ತಿರ ನಿಲ್ಲುತ್ತಿದ್ದಿರಿ. ಸ್ಕ್ವಾಟಿನಲ್ಲಿ ಬೆನ್ನ ಹಿಂದೆ. ಡೆಡ್‌ಲಿಫ್ಟಿನಲ್ಲಿ ಮಾತ್ರ ಎದುರಿಗೆ ಕೈಕಟ್ಟಿ ನಿಂತು ಕೂಗುತ್ತಿದ್ದಿರಿ. ಅಲ್ಲಿಂದ ಇಲ್ಲಿಗೆ ಬರುವಷ್ಟರಲ್ಲಿ ಕಳೆದುಹೋಗದೆ ಉಳಿದದ್ದು ಅದೊಂದೇ.

ಒಂದೇ ಪ್ರಶ್ನೆ. ನನ್ನ ಬಾರಿನ ಕೆಳಗೆ ನಿಮ್ಮ ಕೈ ಇತ್ತಾ?

ನಿಮ್ಮ ಮಗಳು

ಜೂನ್ 1

ಮಗಳಿಗೆ,

ತಡವಾಯಿತು. ಜಿಮ್ಮಿನಲ್ಲಿ ಕೆಲಸ ಜಾಸ್ತಿ, ನೆಲದ ರಬ್ಬರ್ ಹಾಳೆ ಬದಲಿಸಿದೆವು.

ಏನು ಪ್ರಶ್ನೆ ಅದು? ಹಿಂದೆ ನಿಲ್ಲುವವನ ಕೆಲಸವೇ ಬಾರಿನ ಹತ್ತಿರ ಕೈ ಇಟ್ಟುಕೊಳ್ಳುವುದು. ಹತ್ತಿರ ಇಟ್ಟರೆ ಎತ್ತಿದ ಹಾಗಾಯಿತಾ? ಜೀವಮಾನವಿಡೀ ಇದೇ ಕೆಲಸ ಮಾಡಿದ್ದೇನೆ, ಒಬ್ಬರ ಪಾಲಿನ ಭಾರ ಕದ್ದವನಲ್ಲ. ಯಾವನೋ ದಪ್ಪಣ್ಣ ಗಾಜು ಒಡೆದದ್ದಕ್ಕೆ ನನ್ನನ್ನು ಯಾಕೆ ಕಟಕಟೆಯಲ್ಲಿ ನಿಲ್ಲಿಸುತ್ತೀಯ? ಊರು ಬದಲಾದರೆ, ಊಟ ಬದಲಾದರೆ ತೂಕ ಇಳಿಯುವುದು ಸಹಜ. ಮೊಟ್ಟೆ ತಿನ್ನುತ್ತಿದ್ದೀಯೋ ಇಲ್ಲವೋ ಅದನ್ನು ಬರಿ.

ಅಪ್ಪ

ಮರೀ, ಅಪ್ಪ ಕಾಗದ ಅಂಚೆಗೆ ಹಾಕಲು ನನ್ನ ಕೈಗೇ ಕೊಟ್ಟಿದ್ದಾರೆ, ಅದಕ್ಕೇ ಕೆಳಗೆ ಎರಡು ಸಾಲು. ಇತ್ತು. ನಾನು ಎಷ್ಟು ಸಲ ಕಣ್ಣಾರೆ ನೋಡಿದ್ದೇನೆ. ಕೇಳಿದರೆ ಬರೀ ಎರಡು ಬೆರಳು ಅಂತಾರೆ. ಬೇರೆ ಯಾರ ಬಾರನ್ನೂ ಮುಟ್ಟುವುದಿಲ್ಲ, ನಿನ್ನದು ಮಾತ್ರ. ಇದನ್ನು ಬರೆಯಲು ಅವರು ಒಂದು ತಿಂಗಳು ಕಾಗದ ಹರಿದು ಹರಿದು ಹಾಕಿದ್ದಾರೆ. ಜಗಳ ಆಡು, ಮಾತು ಬಿಡಬೇಡ. ಅಮ್ಮ.

ಜೂನ್ 8

ಅಪ್ಪನಿಗೆ,

ಅಮ್ಮನ ಮೇಲೆ ರೇಗಬೇಡಿ. ಅವಳು ಬರೆಯದಿದ್ದರೂ ನನಗೆ ಗೊತ್ತಾಗಿತ್ತು.

ಬೇರೆಯವರನ್ನೆಲ್ಲ ಮುಟ್ಟದೆ ಬಿಟ್ಟಿರಿ. ಪಕ್ಕದ ಬೀದಿಯ ಬಡಗಿ ಬಾರಿನ ಕೆಳಗೆ ಒದ್ದಾಡುತ್ತಿದ್ದಾಗ "ಇನ್ನೊಂದು! ಇನ್ನೊಂದು!" ಅಂತ ಕೂಗಿದಿರಿ, ಕೈ ಚಾಚಲಿಲ್ಲ. ಅವನು ಎತ್ತುತ್ತಾನೆ ಅಂತ ನಿಮಗೆ ನಂಬಿಕೆ ಇತ್ತು. ನನ್ನ ಮೇಲೆ ಯಾಕೆ ಇರಲಿಲ್ಲ? ಹುಟ್ಟುವಾಗ ನಾನು ಅಂಗೈಯಷ್ಟಿದ್ದೆ ಅಂತ ಬಂದವರಿಗೆಲ್ಲ ಹೇಳುತ್ತೀರಿ. ನಿಮ್ಮ ಕಣ್ಣಿಗೆ ನಾನು ಇನ್ನೂ ಅಷ್ಟೇ ಇದ್ದೇನಾ?

ನಲವತ್ತೈದರಲ್ಲಿ ನನ್ನದೆಷ್ಟು, ನಿಮ್ಮದೆಷ್ಟು ಅಂತ ನನಗೆ ಯಾವತ್ತೂ ಗೊತ್ತಾಗುವುದಿಲ್ಲ. ಅದೇ ಎಲ್ಲಕ್ಕಿಂತ ಹೆಚ್ಚು ನೋಯುತ್ತದೆ. ಆ ವರ್ಷ ನನಗೆ ತುಂಬಾ ಹೆಮ್ಮೆಯ ವರ್ಷವಾಗಿತ್ತು.

ಇವತ್ತಿನಿಂದ ಹೊಸದಾಗಿ ಶುರು. ನಾಲ್ಕು ದಿನದ ಪದ್ಧತಿ, ಮೂರು ತಿಂಗಳು. ಬೆಂಚ್ ಮೂವತ್ತೈದು. ಟೋಪಿಯವನು ನೋಡಿದರೆ ನೋಡಲಿ. ಈ ಸಲ ನೀವು ಹೇಳಿದಿರಿ ಅಂತ ಮಾಡುತ್ತಿಲ್ಲ, ಮೂರನ್ನೂ ಮಾಡಿ ನೋಡಿ ನಾನೇ ಆರಿಸಿಕೊಂಡದ್ದು. ಸದ್ಯಕ್ಕೆ ಸಲಹೆ ಏನೂ ಬೇಡ.

ಮಗಳು

ಜೂನ್ 20

ಮಗಳೇ,

ಸಲಹೆ ಕೊಡುತ್ತಿಲ್ಲ. ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದೇನೆ.

ಇತ್ತು.

ಬಡಗಿಯ ಬಾರ್ ನಿಂತರೆ ನಾನು ಬಾರ್ ನೋಡುತ್ತೇನೆ. ನಿನ್ನದು ನಿಂತರೆ ನಿನ್ನ ಮುಖ ನೋಡುತ್ತೇನೆ. ನೋಡಿದ ಮೇಲೆ ಕೈ ನನ್ನ ಮಾತು ಕೇಳುವುದಿಲ್ಲ. ಇದರಲ್ಲಿ ನಂಬಿಕೆಯ ಪ್ರಶ್ನೆ ಎಲ್ಲಿಂದ ಬಂತೋ ನನಗೆ ತಿಳಿಯದು. ನೀನು ಎತ್ತುತ್ತೀಯ ಅಂತ ನನಗೆ ಗೊತ್ತಿತ್ತು. ಎತ್ತುವವರೆಗೆ ಕಾಯುವುದು ನನ್ನಿಂದ ಆಗಲಿಲ್ಲ.

ಅಪ್ಪ

ಸೆಪ್ಟೆಂಬರ್ 14

ಅಪ್ಪನಿಗೆ,

ನಿಮ್ಮ ಜೂನ್ ಕಾಗದಕ್ಕೆ ಈಗ ಉತ್ತರ. ಕೋಪ ಇಳಿಯಲು ಒಂದು ತಿಂಗಳು ಸಾಕಾಯಿತು. ಉಳಿದ ಕಾಲ ಸುಮ್ಮನಿದ್ದದ್ದು, ಬರೀ ಬಾಯಿಮಾತು ಬರೆಯುವ ಬದಲು ಕೆಲಸ ಮುಗಿಸಿ ಬರೆಯೋಣ ಅಂತ.

ಮೂರು ತಿಂಗಳು ಮುಗಿಯಿತು. ಒಂದೇ ಒಂದು ಪದ್ಧತಿ! ಎರಡು ದಿನ ಜ್ವರದಲ್ಲಿ ತಪ್ಪಿತು, ನಡುವೆ ಒಂದು ವಾರ ಬೇಕೆಂದೇ ಹಗುರ ಮಾಡಿದೆ. ಬೇರೆ ಯಾವತ್ತೂ ತಪ್ಪಿಸಲಿಲ್ಲ. ಮೊದಲೆರಡು ವಾರ ಮೂವತ್ತೈದು ಎತ್ತುವಾಗ ನಾಚಿಕೆಯಾಗುತ್ತಿತ್ತು. ಆಮೇಲೆ ಆ ತೂಕದ ಪರಿಚಯವಾಯಿತು. ಯಾವ ಸಲಕ್ಕೆ ಕೈ ನಡುಗುತ್ತದೆ, ಯಾವ ಸಲಕ್ಕೆ ಉಸಿರು ಕಟ್ಟುತ್ತದೆ, ಎಲ್ಲ ಗೊತ್ತಾಗತೊಡಗಿತು. ಈಗ ಬೆಂಚಿನಲ್ಲಿ ನಲವತ್ತೆರಡೂವರೆ ಐದು ಸಲ ಹೋಗುತ್ತದೆ. ಒಬ್ಬರ ಬೆರಳೂ ತಾಗದೆ! ಸ್ಕ್ವಾಟ್ ಅರವತ್ತೈದು ದಾಟಿದೆ. ಎರಡು ಅಂಗಿಗಳ ತೋಳು ಬಿಗಿಯಾಗಿ ಕೈ ತೂರಿಸಲಾಗುತ್ತಿಲ್ಲ. ಹೊಸದು ಹೊಲಿಸಿಕೊಂಡೆ, ದರ್ಜಿ ಅಳತೆ ತೆಗೆದು ಇನ್ನೊಮ್ಮೆ ತೆಗೆದ. ಅವನ ಮುಖ ನೀವು ನೋಡಬೇಕಿತ್ತು.

ಪರೀಕ್ಷೆ ಅಕ್ಟೋಬರ್ ಮಧ್ಯದಲ್ಲಿ. ಅದಕ್ಕೆ ಮುಂಚೆ ಬನ್ನಿ. ಒಂದು ದಿನ ಇಲ್ಲಿಯ ಜಿಮ್ಮಿಗೆ ಹೋಗೋಣ. ನೀವೇ ನನ್ನ ತಲೆಯ ಹತ್ತಿರ ನಿಲ್ಲಬೇಕು, ಟೋಪಿಯವನು ಬೇಡ. ಒಂದೇ ಷರತ್ತು. ನಾನು "ಹಿಡೀರಿ" ಅನ್ನುವವರೆಗೆ ಮುಟ್ಟಬಾರದು. ಅಂದ ತಕ್ಷಣ ಹಿಡಿಯಬೇಕು.

ನಿಮ್ಮ
ಕಡ್ಡಿ

ಅಕ್ಟೋಬರ್ 5

ಕಡ್ಡಿಗೆ,

ಮನೆ ಮುಟ್ಟಿದೆ. ನಿನ್ನ ಮೂರು ಮಹಡಿ ಹತ್ತಿ ಇಳಿದ ಮಂಡಿ ಇನ್ನೂ ದೂರು ಹೇಳುತ್ತಿದೆ. ಅಲ್ಲಿ ಹೇಳಲು ಬಾಯಿ ಬರಲಿಲ್ಲ, ಅದಕ್ಕೇ ಬಂದವನೇ ಬರೆಯುತ್ತಿದ್ದೇನೆ.

ಬೆಂಚಿನಲ್ಲಿ ಐದನೇ ಸಲ ಎತ್ತಿ ಇಡುತ್ತೀಯ ಅಂದುಕೊಂಡಿದ್ದೆ. ನೀನು ಆರನೆಯದಕ್ಕೆ ಇಳಿಸಿದೆ. ಅರ್ಧದಲ್ಲಿ ಬಾರ್ ನಿಂತಿತು. ಎರಡೂ ಕೈ ಕಂಕುಳಲ್ಲಿ ಸಿಕ್ಕಿಸಿಕೊಂಡೆ, ಟೋಪಿಯವನು ನನಗೆ ಚಳಿ ಅಂದುಕೊಂಡಿರಬೇಕು. ನಿನ್ನ ಮುಖ ನೋಡಿದೆ. ಕೆಂಪಗೆ ಊದಿಕೊಂಡಿತ್ತು, ಹಣೆಯ ನರ ಉಬ್ಬಿತ್ತು, ಹಲ್ಲು ಕಚ್ಚಿದ್ದೆ. ಇಷ್ಟು ದಿನ ಆ ಮುಖದಲ್ಲಿ ನನಗೆ ಸಂಕಟವೇ ಕಾಣುತ್ತಿತ್ತು. ಅವತ್ತು ಪೂರ್ತಿ ಹೊತ್ತು ನೋಡುತ್ತ ನಿಂತಾಗ ಗೊತ್ತಾಯಿತು, ನೀನು ಬರೀ ಕೆಲಸ ಮಾಡುತ್ತಿದ್ದೆ. ಹೆದರಿರಲಿಲ್ಲ. ಬಾರ್ ಇಂಚಿಂಚಾಗಿ ಮೇಲೆ ಹೋಯಿತು. ನಾನು ಕೂಗಿದೆನಂತೆ, ನನಗೆ ನೆನಪಿಲ್ಲ.

ಅಲ್ಲಿಗೆ ಬಿಡದೆ ಏಳನೆಯದಕ್ಕೂ ಇಳಿಸಿದೆ, ಹಟಮಾರಿ. ನಿಂತಿತು. ನೀನು ನೆಟ್ಟಗೆ ನನ್ನ ಕಣ್ಣು ನೋಡಿ, "ಅಪ್ಪಾ, ಹಿಡೀರಿ" ಅಂದೆ. ಹಿಡಿದೆ. ಆರನೆಯದಕ್ಕೆ ಹೆಮ್ಮೆಯಾಯಿತು, ನಿಜ. ಆದರೆ ದಾರಿಯುದ್ದಕ್ಕೂ ನೆನಪಾದದ್ದು ಏಳನೆಯದು. ಕೇಳಿಸಿಕೊಂಡು ಹಿಡಿಯುವುದರಲ್ಲಿ ಇಷ್ಟು ಸುಖ ಇದೆ ಅಂತ ನನಗೆ ಈ ವಯಸ್ಸಿನಲ್ಲಿ ತಿಳಿಯಬೇಕಾಯಿತು.

ಪರೀಕ್ಷೆಯಲ್ಲಿ ಏನೇ ಆಗಲಿ, ನನ್ನ ಮಟ್ಟಿಗೆ ನೀನು ಗೆದ್ದಾಗಿದೆ. ಹಾಗಂತ ಸೋತು ಬರಬೇಡ.

ಅಪ್ಪ

ಅಕ್ಟೋಬರ್ 17

ಅಪ್ಪ, ಅಮ್ಮ,

ತಗೊಂಡರು!

ಮೆಟ್ಟಿಲ ಮೇಲೆ ಗಾಜು ಹೊತ್ತು ಎರಡು ಮಹಡಿ ಏರಬೇಕಿತ್ತು. ಮೊದಲ ತಿರುವು ಸುಸೂತ್ರವಾಗಿ ದಾಟಿತು. ಎರಡನೆಯದಕ್ಕೆ ಮುಂಚೆ ನನ್ನ ಎಡಗೈ ಹಿಡಿತ ಜಾರುತ್ತಿದೆ ಅನ್ನಿಸಿತು. ಮೇಸ್ತ್ರಿ ಕೆಳಗಿನಿಂದ ನೋಡುತ್ತಿದ್ದಾರೆ, ನಿಂತರೆ ಕೆಲಸ ಕೈತಪ್ಪಬಹುದು. ಆದರೂ "ದಪ್ಪಣ್ಣ, ನಿಲ್ಸಿ, ನನ್ನ ಕಡೆ ಭಾರ ಆಯ್ತು" ಅಂದೆ. ಗಾಜು ಮೆಲ್ಲಗೆ ಇಳಿಸಿ, ಹಿಡಿಕೆ ಸರಿಮಾಡಿಕೊಂಡು ಮತ್ತೆ ಎತ್ತಿದೆವು. ಮೇಲೆ ಮುಟ್ಟಿಸಿ ಬಂದಾಗ ಮೇಸ್ತ್ರಿ ಉಳಿದವರಿಗೆ ಹೇಳುತ್ತಿದ್ದರು: "ಭಾರ ಆದ್ರೆ ಬಾಯಿಬಿಟ್ಟು ಹೇಳ್ತಾಳೆ. ಇವಳ ಜೊತೆ ಯಾರು ಬೇಕಾದ್ರೂ ಗಾಜು ಹಿಡೀಬಹುದು."

ಇವತ್ತು ಮೊದಲ ಕೆಲಸ, ಒಂದು ಬೇಕರಿಯ ಮುಂಭಾಗ. ನನಗಿಂತ ಎತ್ತರದ ಗಾಜು. ಬೀದಿಯಲ್ಲಿ ಜನ ಸರಿದು ದಾರಿ ಬಿಟ್ಟರು. ದಪ್ಪಣ್ಣ "ಹಿಡಿದೆ" ಅಂದರು, ನಾನು "ಹಿಡಿದೆ" ಅಂದೆ, ಎತ್ತಿದೆವು. ಅಪ್ಪಾ, ಭಾರ ಇತ್ತು. ತುಂಬಾ ಭಾರ ಇತ್ತು. ಎಷ್ಟು ಖುಷಿಯಾಯಿತು ಗೊತ್ತಾ?

ನಿಮ್ಮ ಮಗಳು